ನಿರೀಕ್ಷಣಗೃಹದಲ್ಲಿ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಮಾಜಿ ವಿದ್ಯಾರ್ಥಿಗಳ ಮೇಳಾವದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಈ ಸ್ಮರಣ ಸಂಚಿಕೆಗಾಗಿ ನಾವು ಮಾಜಿ ವಿದ್ಯಾರ್ಥಿಗಳಿಗೆಲ್ಲ ಒಂದು ಮಾಹಿತಿ ಪತ್ರ ಕಳಿಸಿದ್ದೆವು. ಹೆಸರು, ಶಾಲೆ ಬಿಟ್ಟ ವರ್ಷ, ಈಗಿನ ಉದ್ಯೋಗ, ಶಾಲೆಯ ನೆನಪು ಎಂಬ ನಾಲ್ಕು ಅಂಕಣಗಳ ಚಿಕ್ಕ ಹಾಳೆ. ತುಂಬಿ ಬಂದ ಪತ್ರಗಳನ್ನು ಓದುವಾಗ ನಮ್ಮ ಹೃದಯ ತುಂಬಿ ಬಂದದ್ದು ನಿಜ. ವೈದ್ಯರಿದ್ದಾರೆ, ಅಭಿಯಂತರಿದ್ದಾರೆ, ಸೈನ್ಯದಲ್ಲಿ ದುಡಿದವರಿದ್ದಾರೆ, ಸೊಲ್ಲಾಪುರದಲ್ಲಿ ಚಾದರದ ಮಗ್ಗಗಳನ್ನು ನಡೆಸುವವರಿದ್ದಾರೆ, ಗಡಿಯ ಆಚೆ ಈಚೆ ಕನ್ನಡ ಕಲಿಸುವ ಗುರುಗಳಂತೂ ಬಹಳ ಜನ. ಆದರೆ ಒಂದು ಪತ್ರದಲ್ಲಿ ಉದ್ಯೋಗದ ಅಂಕಣದ ಮುಂದೆ ‘ಸರಕಾರಿ ನೌಕರಿ’ ಎಂದಷ್ಟೇ ಇತ್ತು. ಇಲಾಖೆ ಇಲ್ಲ, ಹುದ್ದೆ ಇಲ್ಲ, ಊರೂ ಇಲ್ಲ. ಆ ಅಕ್ಷರಗಳು ನಮಗೆ ಪರಿಚಿತವಾದವು. ಕೂಡಲೆ ದೂರವಾಣಿ ಮಾಡಿದೆವು. ‘ಯಾಕಪ್ಪಾ, ಪೂರ್ತಿ ಬರೀಲಿಲ್ಲ?’ ಎಂದು ಕೇಳಿದರೆ, ‘ಬಾಯಿಯವರೆ, ಬರೆದರ ಓದಿದವರು ಹತ್ತು ಪ್ರಶ್ನೆ ಕೇಳ್ತಾರ್ರಿ. ಅದಕ್ಕ ಬಿಟ್ಟೀನಿ’ ಎಂದ. ಆ ಹತ್ತು ಪ್ರಶ್ನೆಗಳಿಗೆ ಉತ್ತರವನ್ನು ಆತನ ಪರವಾಗಿ ಇಂದು ನಾವೇ ಹೇಳಬೇಕೆಂದು ನಿಂತಿದ್ದೇವೆ. ಆತನ ಒಪ್ಪಿಗೆ ಪಡೆದಿದ್ದೇವೆ. ಹೆಸರು ಹೇಳುವುದಿಲ್ಲವೆಂಬ ಮಾತನ್ನೂ ಕೊಟ್ಟಿದ್ದೇವೆ.

ಆತ ಮಹಾರಾಷ್ಟ್ರದ ಒಂದು ನಿರೀಕ್ಷಣಗೃಹದಲ್ಲಿ ಕನಿಷ್ಠ ಕಾಳಜಿವಾಹಕ. ಕರ್ನಾಟಕದಲ್ಲಿ ಇಂಥ ಮನೆಗಳನ್ನು ವೀಕ್ಷಣಾಲಯವೆನ್ನುತ್ತಾರೆ. ನಮ್ಮ ಜನರ ಬಾಯಲ್ಲಿ ಇವೆಲ್ಲ ಇಂದಿಗೂ ‘ರಿಮಾಂಡ್ ಹೋಮ್’. ಅಪರಾಧ ಮಾಡಿದ್ದಾರೆಂಬ ಆರೋಪ ಹೊತ್ತ, ಹದಿನೆಂಟು ತುಂಬದ ಮಕ್ಕಳನ್ನು ವಿಚಾರಣೆ ಮುಗಿಯುವ ತನಕ ಇರಿಸುವ ಮನೆ ಅದು. ಅಲ್ಲಿ ಅಧೀಕ್ಷಕರು, ಪರಿವೀಕ್ಷಣಾಧಿಕಾರಿಗಳು, ಸಮಾಲೋಚಕರು ಎಂದು ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳಿವೆ. ಮಕ್ಕಳೊಡನೆ ಹಗಲಿರುಳು ಇರುವವನು ಮಾತ್ರ ಕೊನೆಯ ಮೆಟ್ಟಿಲಿನ ಈ ಕಾಳಜಿವಾಹಕ. ಹೆಸರಿನಲ್ಲಿ ಕಾಳಜಿ ಇದೆ, ಕೈಯಲ್ಲಿ ಕೀಲಿಕೈಯ ಗೊಂಚಲು ಇದೆ. ಇವೆರಡನ್ನೂ ಕೂಡಿಸಿಕೊಂಡು ಹೋಗುವುದೇ ತನ್ನ ನೌಕರಿಯೆಂದು ಆತ ಒಮ್ಮೆ ನಗುತ್ತ ಹೇಳಿದ್ದುಂಟು. ಕನ್ನಡ ಮಾಧ್ಯಮದಲ್ಲಿ ಕಲಿತು, ಮರಾಠಿಯಲ್ಲಿ ನಡೆದ ಸ್ಪರ್ಧಾ ಪರೀಕ್ಷೆಯನ್ನು ಮೂರನೆಯ ಯತ್ನಕ್ಕೆ ಗೆದ್ದವನೆಂಬುದನ್ನು ಇಲ್ಲಿ ಕುಳಿತ ಪಾಲಕರು ಗಮನಿಸಬೇಕು. ಕನ್ನಡ ಶಾಲೆಯಲ್ಲಿ ಕಲಿತರೆ ಮಹಾರಾಷ್ಟ್ರದಲ್ಲಿ ನೌಕರಿ ಸಿಗದೆಂದು ಪ್ರತಿ ಜೂನ್ ತಿಂಗಳಲ್ಲಿ ನಮ್ಮೊಡನೆ ವಾದಿಸುವವರು ನಿಮ್ಮಲ್ಲಿಯೇ ಇದ್ದೀರಿ.

ನಮ್ಮ ಶಾಲೆಯ ಮೊದಲ ಹಾಜರಿ ಪುಸ್ತಕಗಳನ್ನು ಬರೆದ ಆ ದಶಕವನ್ನು ಸ್ವಲ್ಪ ನೆನೆಯೋಣ. 1924ರಲ್ಲಿ ಮುಂಬಯಿ ಪ್ರಾಂತಕ್ಕೆ ಮಕ್ಕಳ ಕಾಯ್ದೆ ಬಂದಿತು. ತಪ್ಪು ಮಾಡಿದ ಮಗುವನ್ನು ದೊಡ್ಡ ಕೈದಿಗಳ ಜೊತೆ ಜೈಲಿಗೆ ನೂಕದೆ ಬೇರೆಯಾಗಿ ನೋಡಿಕೊಳ್ಳಬೇಕೆಂಬ ವಿಚಾರ ಅದರಲ್ಲಿತ್ತು. ಮದರಾಸು ಪ್ರಾಂತದಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ ಇಂಥ ಕಾಯ್ದೆಗಳು ಆಗಿದ್ದವು. ಆದರೆ ಅದೇ 1924ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮತ್ತೆ ಕ್ರೋಡೀಕರಿಸಿ ಜಾರಿಗೆ ತರಲಾಯಿತು. ಕೆಲವು ಜಾತಿ ಪಂಗಡಗಳಲ್ಲಿ ಹುಟ್ಟಿದ ಕೂಸು ಹುಟ್ಟಿನಿಂದಲೇ ಅಪರಾಧಿಯೆಂದು ಎಣಿಸುವ ಕಾಯ್ದೆ ಅದು. ಸೊಲ್ಲಾಪುರದಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆಯಲ್ಲ, ಅದು ಆ ಕಾಯ್ದೆಯ ಕುರುಹು. ತಂತಿ ಬೇಲಿಯೊಳಗೆ ಮನೆಮಂದಿಯನ್ನೆಲ್ಲ ಇರಿಸಿ ಹಾಜರಿ ಕರೆಯುತ್ತಿದ್ದ ಕಾಲ. ದೇಶಾದ್ಯಂತ ಅದು ರದ್ದಾದದ್ದು 1952ರಲ್ಲಿ. ಒಂದೇ ವರುಷ ಒಂದು ಕಾಯ್ದೆ ಮಗುವನ್ನು ಮಗುವೆಂದಿತು, ಇನ್ನೊಂದು ಮಗುವನ್ನು ಕಳ್ಳನೆಂದಿತು. ಆ ಎರಡನೆಯ ಕಾಯ್ದೆಯ ಹೊಗೆ ನಮ್ಮ ಓಣಿಗಳಲ್ಲಿ ಇನ್ನೂ ಪೂರ್ತಿ ಆರಿಲ್ಲ. ಶಾಲೆಯಲ್ಲಿ ಪೆನ್ನು ಕಳೆದರೆ ನಾವು ಮೊದಲು ಯಾವ ಮಗುವಿನ ಚೀಲದ ಕಡೆ ನೋಡುತ್ತೇವೆಂಬುದನ್ನು ಗುರುಬಳಗದವರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಈಗಿರುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಇದರಂತೆ ಇಂಥ ಮಗುವನ್ನು ಪೊಲೀಸ್ ಕೋಣೆಯಲ್ಲಿಯಾಗಲಿ ಜೈಲಿನಲ್ಲಿಯಾಗಲಿ ಇಡುವಂತಿಲ್ಲ. ಪ್ರಯಾಣದ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ತಾಸಿನೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಆ ಮಂಡಳಿಯಲ್ಲಿ ಒಬ್ಬ ದಂಡಾಧಿಕಾರಿ, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಿರಬೇಕು. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಮಗುವಿನ ಮನೆ, ಶಾಲೆ, ಸಹವಾಸಗಳ ವಿಚಾರಿಸಿ ಪರಿವೀಕ್ಷಣಾಧಿಕಾರಿ ಹದಿನೈದು ದಿನದಲ್ಲಿ ವರದಿ ಕೊಡಬೇಕು. ವಿಚಾರಣೆ ನಾಲ್ಕು ತಿಂಗಳೊಳಗೆ ಮುಗಿಯಬೇಕು, ಬೇಕಾದರೆ ಮತ್ತೆ ಎರಡು ತಿಂಗಳು. ಕಾಗದದ ಮೇಲೆ ಇದೆಲ್ಲ ಎಷ್ಟು ಅಚ್ಚುಕಟ್ಟಾಗಿದೆಯೆಂದು ನಾವು ಹೇಳಿದಾಗ ಆತ, ‘ಕಾಯ್ದೆ ಛಲೋ ಐತ್ರಿ. ಆದರ ರಾತ್ರಿ ಹನ್ನೆರಡಕ್ಕ ಕಾಯ್ದೆ ಮಲಗಿರತೈತಿ, ನಾ ಎಚ್ಚರ ಇರತೀನಿ’ ಎಂದ.

ಮೊದಲ ದಿನ ಆತನಿಗೆ ಕೊಟ್ಟದ್ದು ಕೀಲಿಕೈಯ ಗೊಂಚಲು, ಒಂದು ರಿಜಿಸ್ಟರು, ಒಂದು ಸೀಟಿ. ಕಲಿಸಿದ ಮೊದಲ ಪಾಠ ಎಣಿಕೆ. ಬೆಳಿಗ್ಗೆ ಎದ್ದ ಕೂಡಲೆ ಎಣಿಕೆ, ಸ್ನಾನಕ್ಕೆ ಮುಂಚೆ ಎಣಿಕೆ, ಊಟಕ್ಕೆ ಕೂತಾಗ ಎಣಿಕೆ, ಆಟ ಮುಗಿದ ಮೇಲೆ ಎಣಿಕೆ, ಕೀಲಿ ಹಾಕುವ ಮುನ್ನ ಎಣಿಕೆ, ರಾತ್ರಿ ತಾಸಿಗೊಮ್ಮೆ ಬ್ಯಾಟರಿ ಹಿಡಿದು ಎಣಿಕೆ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಕೂಡಿ ಎಣಿಸಿ ಸಹಿ ಮಾಡಬೇಕು. ಮೂವತ್ತೊಂದು ಇರಬೇಕಾದಲ್ಲಿ ಮೂವತ್ತು ಬಂದರೆ ಎದೆ ಬಾಯಿಗೆ ಬರುತ್ತದಂತೆ. ಬಹಳ ಸಲ ಆ ಒಬ್ಬ ಶೌಚಾಲಯದಲ್ಲಿರುತ್ತಾನೆ. ಆರು ತಿಂಗಳ ಮೇಲೆ ಊರಿಗೆ ಬಂದವನು ತಂಗಿಯ ಮದುವೆಯ ಪಂಗತಿಯಲ್ಲಿ ಕುಳಿತವರನ್ನೂ ತನಗರಿವಿಲ್ಲದೆ ಎಣಿಸುತ್ತಿದ್ದನೆಂದು ಆತನ ತಾಯಿ ನಮಗೆ ಹೇಳಿದರು.

ಎರಡನೆಯ ಪಾಠ ತಪಾಸಣೆ. ಹೊರಗಿನಿಂದ ಬಂದ ಹುಡುಗನ ಅಂಗಿಯ ಹೊಲಿಗೆ, ಚಪ್ಪಲಿಯ ಅಟ್ಟೆ, ಸಾಬೂನಿನ ಪೊಟ್ಟಣ ಎಲ್ಲವನ್ನೂ ನೋಡಬೇಕು. ತಂಬಾಕು, ಗುಟಖಾ, ಬ್ಲೇಡಿನ ಚೂರು ಸಿಗುವುದುಂಟು. ಸಾಬೂನನ್ನು ಎರಡಾಗಿ ಸೀಳಿ ನಡುವೆ ಗುಟಖಾ ಇಟ್ಟು, ಒದ್ದೆ ಮಾಡಿ ಮತ್ತೆ ಅಂಟಿಸಿದ ಹುಡುಗನ ಜಾಣತನಕ್ಕೆ ಆತನೇ ಬೆರಗಾದನಂತೆ. ಇಷ್ಟು ಕೈಚಳಕ ನಮ್ಮ ಕಾರ್ಯಾನುಭವದ ತಾಸಿನಲ್ಲಿ ಯಾರೂ ತೋರಿಸಿರಲಿಲ್ಲವೆಂದು ನಾವೂ ನಕ್ಕೆವು. ಆದರೆ ಆತ ನಗಲಿಲ್ಲ. ಬ್ಲೇಡಿನ ಚೂರು ಬೇರೆಯವರನ್ನು ಗಾಯಗೊಳಿಸಲೆಂದು ಇಟ್ಟದ್ದಲ್ಲ, ಬಹಳಷ್ಟು ಸಲ ತನ್ನ ಮುಂಗೈಯನ್ನೇ ಕೊಯ್ದುಕೊಳ್ಳಲು ಇಟ್ಟದ್ದೆಂದು ಮೆಲ್ಲಗೆ ಹೇಳಿದ. ಹಾಗಾಗಿ ತಪಾಸಣೆಯ ಹೊತ್ತಿನಲ್ಲಿ ಆತ ಜೇಬಿಗಿಂತ ಮೊದಲು ಮುಂಗೈ ನೋಡುತ್ತಾನೆ.

ಭೇಟಿಯ ದಿನದ ಮಾತು ಕೇಳಿ. ತಾಯಂದಿರು ನಸುಕಿನ ಎಸ್.ಟಿ. ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ಸೆರಗಿನಲ್ಲಿ ಕಡಕ್ ರೊಟ್ಟಿ, ಸೇಂಗಾ ಚಟ್ನಿ, ಹಬ್ಬವಿದ್ದರೆ ಸೇಂಗಾ ಹೋಳಿಗೆ. ಹೊರಗಿನ ತಿನಿಸು ಮಲಗುವ ಕೋಣೆಗೆ ಹೋಗಬಾರದೆಂಬುದು ಅಲ್ಲಿಯ ನಿಯಮ. ಭೇಟಿಯ ಕೋಣೆಯಲ್ಲಿ ಎದುರಿಗೆ ತಿಂದು ಮುಗಿಸಬೇಕು. ಉಳಿದದ್ದನ್ನು ಮರಳಿ ಒಯ್ಯಿರಿ ಎಂದು ಆ ತಾಯಿಗೆ ಹೇಳುವವನು ಅಧೀಕ್ಷಕನಲ್ಲ, ನಮ್ಮ ಈ ಕಾಳಜಿವಾಹಕ. ‘ನಾಳೆಗೆ ಎರಡು ಇಟ್ಟಕೊಳ್ಳಲೆಪ್ಪಾ’ ಎಂದು ಆಕೆ ಅಂಗಲಾಚುತ್ತಾಳೆ. ಮೊದಮೊದಲು ಆತ ಮುಖ ತಿರುಗಿಸಿ ‘ಇಲ್ಲ’ ಎನ್ನುತ್ತಿದ್ದನಂತೆ. ಆಮೇಲೆ ಒಂದು ದಾರಿ ಹುಡುಕಿದ. ಭೇಟಿ ಬಂದವರ ಹುಡುಗನ ಜೊತೆಗೆ, ಆ ದಿನ ಯಾರೂ ಬಾರದ ಒಬ್ಬ ಹುಡುಗನನ್ನು ಅಧೀಕ್ಷಕರ ಅನುಮತಿಯಿಂದ ಕೂರಿಸತೊಡಗಿದ. ಆಗ ರೊಟ್ಟಿ ಉಳಿಯುತ್ತಿರಲಿಲ್ಲ. ತಾಯಂದಿರೂ ಮರಳಿ ಒಯ್ಯುವ ಅವಮಾನದಿಂದ ಪಾರಾದರು.

ಯಾವ ಹುಡುಗನಿಗೂ ‘ನೀನು ಏನು ಮಾಡಿ ಬಂದಿ?’ ಎಂದು ಕೇಳಬಾರದೆಂಬುದು ಆತನೇ ಹಾಕಿಕೊಂಡ ನೇಮ. ಅದನ್ನು ಕೇಳುವವರು ಪೊಲೀಸರು, ವಕೀಲರು, ಮಂಡಳಿಯವರು ಎಂದು ಬೇರೆ ಇದ್ದಾರೆ. ಈತ ಕೇಳುವುದು ‘ಊಟ ಆತೇನು? ರಾತ್ರಿ ನಿದ್ದಿ ಬಂತೇನು?’ ಎಂಬೆರಡೇ. ಕಾಯ್ದೆಯಲ್ಲಿ ಮಗುವಿಗೆ ‘ಆರೋಪಿ’, ‘ಕೈದಿ’ ಎಂಬಂಥ ಮಾತು ಬಳಸಬಾರದೆಂಬ ತತ್ತ್ವವಿದೆ. ಅದನ್ನು ಪಾಲಿಸುವುದು ಸುಲಭವೆಂದು ನಮಗನ್ನಿಸಿತ್ತು. ಸುಲಭವಲ್ಲವಂತೆ. ಹುಡುಗರೇ ತಮ್ಮನ್ನು ಆ ಹೆಸರುಗಳಿಂದ ಕರೆದುಕೊಳ್ಳುತ್ತಾರೆ. ಕೆಲವರು ತಮ್ಮ ಕಲಮಿನ ಸಂಖ್ಯೆಯನ್ನೇ ಅಡ್ಡಹೆಸರಾಗಿ ಇಟ್ಟುಕೊಂಡು ಮೆರೆಯುತ್ತಾರೆ. ಅಂಥವನನ್ನು ದಿನಕ್ಕೆ ಹತ್ತು ಸಲ ತಾಯಿ ಇಟ್ಟ ಹೆಸರಿನಿಂದ ಕೂಗಿ ಕರೆಯುವುದೂ ಒಂದು ಕೆಲಸವೇ.

ಆತನನ್ನು ದೇವರೆಂದು ಹೊಗಳಲು ನಾವು ಇಲ್ಲಿ ನಿಂತಿಲ್ಲ. ನೌಕರಿಗೆ ಸೇರಿದ ಎರಡನೆಯ ತಿಂಗಳಲ್ಲಿ ಆತ ಒಬ್ಬ ಹುಡುಗನ ಕಪಾಳಕ್ಕೆ ಹೊಡೆದ. ಊಟದ ಸಾಲಿನಲ್ಲಿ ಜಗಳವಾಗಿ, ಒಬ್ಬ ಇನ್ನೊಬ್ಬನ ತಲೆಗೆ ತಾಟಿನಿಂದ ಹೊಡೆದಿದ್ದ. ಬಿಡಿಸಲು ಹೋದವನು ಸಿಟ್ಟಿನ ಭರದಲ್ಲಿ ಕೈ ಎತ್ತಿದ. ಕೋಣೆ ಒಮ್ಮೆಲೆ ಮೌನವಾಯಿತು. ಮಕ್ಕಳ ಸಂಸ್ಥೆಯಲ್ಲಿ ಕೆಲಸ ಮಾಡುವವರು ಶಿಸ್ತಿನ ಹೆಸರಿನಲ್ಲಿ ಮಗುವನ್ನು ಹೊಡೆದರೆ ಮೊದಲ ಸಲ 10,000 ರೂಪಾಯಿ ದಂಡ, ಮತ್ತೆ ಹೊಡೆದರೆ ಮೂರು ತಿಂಗಳವರೆಗೂ ಸೆರೆಯಾಗಬಹುದೆಂದು ಆ ಕಾಯ್ದೆಯ 82ನೆಯ ಕಲಮು ಹೇಳುತ್ತದೆ. ಆತನಿಗೆ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಗುಣ ಪಡೆದಿದ್ದ. ಜೊತೆಯ ಹಿರಿಯ ನೌಕರರು ‘ರಿಜಿಸ್ಟರದಾಗ ಬರೀಬ್ಯಾಡ, ಹುಡುಗ ಹೇಳಂಗಿಲ್ಲ’ ಎಂದರು. ಹುಡುಗ ಹೇಳಲೂ ಇಲ್ಲ. ಆ ಮೌನವೇ ತನ್ನನ್ನು ಸುಟ್ಟಿತೆಂದು ಆತ ಹೇಳುತ್ತಾನೆ. ಹೊಡೆದವನ ಹೆಸರು ಹೇಳಬಾರದೆಂಬುದನ್ನು ಆ ಹುಡುಗ ಎಷ್ಟು ಮನೆಗಳಲ್ಲಿ, ಎಷ್ಟು ಠಾಣೆಗಳಲ್ಲಿ ಕಲಿತು ಬಂದಿದ್ದನೋ! ಮರುದಿನ ಬೆಳಿಗ್ಗೆ ಆತ ಅಧೀಕ್ಷಕರ ಕೋಣೆಗೆ ಹೋಗಿ ತಾನೇ ಬರೆದುಕೊಟ್ಟ. ಲಿಖಿತ ಎಚ್ಚರಿಕೆ ಬಂದಿತು, ಸೇವಾ ಪುಸ್ತಕದಲ್ಲಿ ದಾಖಲಾಯಿತು. ಹುಡುಗನ ಮುಂದೆ ನಿಂತು ‘ನನ್ನದು ತಪ್ಪಾತು’ ಎಂದಾಗ ಆ ಹುಡುಗ ಏನೂ ಹೇಳದೆ ತಾಟು ತೊಳೆಯಲು ಹೋದನಂತೆ.

ಇದನ್ನು ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಕೈಗೆ ಆ ರೂಢಿ ಬಂದದ್ದು ಎಲ್ಲಿಂದ? ಆತ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಶಿಕ್ಷಕರ ಕೋಣೆಯ ಮೂಲೆಯಲ್ಲಿ ಛಡಿಗಳಿದ್ದವು. ನಮ್ಮ ಮೇಜಿನ ಮೇಲೂ ಒಂದು ಇತ್ತು. ಶಿಕ್ಷಣ ಹಕ್ಕಿನ ಕಾಯ್ದೆ 2009ರಲ್ಲಿ ಬಂದು ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ‘ಇನ್ನು ಹುಡುಗರು ಕೈಗೆ ಸಿಗುವುದಿಲ್ಲ’ ಎಂದು ಗೊಣಗಿದವರಲ್ಲಿ ನಾವೂ ಒಬ್ಬರು. ಇಂದಿಗೂ ಪಾಲಕರು ಬಂದು ‘ನಾಕು ಬಡೀರಿ ಬಾಯಿಯವರೆ, ನಾವೇನೂ ಅನ್ನಂಗಿಲ್ಲ’ ಎನ್ನುತ್ತೀರಿ. ಪ್ರೀತಿಯಿಂದಲೇ ಹೇಳುತ್ತೀರಿ, ನಮಗೆ ಗೊತ್ತು. ಆದರೆ ಆ ಮಾತನ್ನು ದಯವಿಟ್ಟು ಇನ್ನು ಹೇಳಬೇಡಿರಿ.

ಇನ್ನು ಈ ಭಾಷಣಕ್ಕೆ ನಿಜವಾದ ಕಾರಣಕ್ಕೆ ಬರುತ್ತೇವೆ. ಇಂಥ ಮಗುವಿನ ಗುರುತನ್ನು ಬಯಲು ಮಾಡುವುದನ್ನು ಅದೇ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ನಾವು ಮಾಡುತ್ತಿರಲಿಲ್ಲ. ಆದ್ದರಿಂದ ವರುಷ, ಊರು, ಘಟನೆ ಯಾವುದನ್ನೂ ಹೇಳುವುದಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇವೆ. ಯಾರೂ ಊಹಿಸಲು ಹೋಗಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಒಂದು ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಕಾಳಜಿವಾಹಕ ಒಂದು ಮಾತು ಹೇಳಿದ್ದ. ಹೊಸದಾಗಿ ಬಂದ ಒಬ್ಬ ಹುಡುಗ ಮೂರು ದಿನ ತುಟಿ ಬಿಚ್ಚಲಿಲ್ಲ. ಮರಾಠಿಯಲ್ಲಿ ಕೇಳಿದರೂ ಹಿಂದಿಯಲ್ಲಿ ಕೇಳಿದರೂ ಉತ್ತರವಿಲ್ಲ. ಹುಡುಗ ಮೂಕನಿರಬಹುದು, ಇಲ್ಲವೆ ಬಹಳ ಹಟದವನಿರಬಹುದೆಂದು ಎಲ್ಲರೂ ತೀರ್ಮಾನಿಸಿದ್ದರು. ಮೂರನೆಯ ರಾತ್ರಿ ಎಣಿಕೆಗೆ ಹೋದಾಗ ಹೊದಿಕೆಯೊಳಗಿಂದ ‘ಯವ್ವಾ, ನೀರ ಕೊಡಬೇ’ ಎಂದು ನಿದ್ದೆಗಣ್ಣಿನಲ್ಲಿ ಕನವರಿಸಿದ್ದು ಕೇಳಿಸಿತು. ಈತ ಬ್ಯಾಟರಿ ಆರಿಸಿ, ಲೋಟದಲ್ಲಿ ನೀರು ತಂದು, ‘ತಗೊ ತಮ್ಮಾ’ ಎಂದ. ಹುಡುಗ ಎದ್ದು ಕುಳಿತು ಕತ್ತಲಲ್ಲಿ ಈತನ ಮುಖವನ್ನು ಬಹಳ ಹೊತ್ತು ನೋಡಿದ. ಹಾಸಿಗೆ ಒದ್ದೆಯಾಗಿತ್ತು. ಅದಕ್ಕೇ ಮೂರು ದಿನದಿಂದ ಯಾರಿಗೂ ಮೊದಲು ಏಳದೆ ಯಾರಿಗೂ ಕೊನೆಗೆ ಏಳುತ್ತಿದ್ದ. ಇಬ್ಬರೂ ಸದ್ದಿಲ್ಲದೆ ಚಾದರ ಬದಲಿಸಿದರು. ಬೆಳಗಾದ ಮೇಲೆ ಆ ಹುಡುಗ ಕನ್ನಡದಲ್ಲಿ ಮಾತಾಡಿದ. ಅಷ್ಟೇ ಹೇಳಿ ಈತ ಸುಮ್ಮನಾದ. ಯಾವ ಊರಿನವನೆಂದು ನಾವು ಕೇಳಿದೆವು. ‘ಬಾಯಿಯವರೆ, ಅದನ್ನ ನನ್ನ ಕೇಳಬ್ಯಾಡ್ರಿ’ ಎಂದ.

ಅದಾದ ಕೆಲವು ತಿಂಗಳಿಗೆ ನಮ್ಮ ಕಚೇರಿಗೆ ಬಾಲ ನ್ಯಾಯ ಮಂಡಳಿಯಿಂದ ಒಂದು ಪತ್ರ ಬಂದಿತು. ನಮ್ಮ ಶಾಲೆಯಲ್ಲಿ ಇಯತ್ತೆ ಏಳರ ತನಕ ಕಲಿತು ಬಿಟ್ಟ ಒಬ್ಬ ಹುಡುಗನ ಜನ್ಮದಿನಾಂಕದ ದಾಖಲೆಯೊಡನೆ ಹಾಜರಾಗಬೇಕೆಂದಿತ್ತು. ದೂರು ಕೊಟ್ಟವರು ಆತ ಮಗುವಲ್ಲ, ಹದಿನೆಂಟು ದಾಟಿದವನೆಂದು ತಕರಾರು ಎತ್ತಿದ್ದರು. ಕಾಯ್ದೆಯ 94ನೆಯ ಕಲಮಿನಂತೆ ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ. ಅದಿಲ್ಲದಿದ್ದರೆ ನಗರಪಾಲಿಕೆ ಅಥವಾ ಪಂಚಾಯತಿಯ ಜನನ ದಾಖಲೆ. ಎರಡೂ ಇಲ್ಲವಾದರೆ ವೈದ್ಯಕೀಯ ಪರೀಕ್ಷೆ. ಅಂದರೆ ನಾವು ಜನರಲ್ ರಿಜಿಸ್ಟರಿನಲ್ಲಿ ಗೀಚಿದ ಒಂದು ತಾರೀಖು ಒಬ್ಬ ಹುಡುಗನನ್ನು ಮಕ್ಕಳ ಮನೆಯಲ್ಲಿ ಇರಿಸಬಲ್ಲದು, ಇಲ್ಲವೆ ದೊಡ್ಡವರ ಜೈಲಿಗೆ ಕಳಿಸಬಲ್ಲದು.

ರಿಜಿಸ್ಟರು ತೆಗೆದೆವು. ಜೂನ್ 1. ನೀವು ನಗುತ್ತೀರಿ, ನಮಗೆ ಗೊತ್ತು. ಈ ಸಭೆಯಲ್ಲಿಯೇ ಜೂನ್ 1ರಂದು ಹುಟ್ಟಿದವರು ಐವತ್ತು ಜನರಾದರೂ ಇದ್ದೀರಿ. ಶಾಲೆ ಆರಂಭವಾಗುವ ತಿಂಗಳ ಮೊದಲ ತಾರೀಖು ಬರೆದು ಮಗುವಿಗೆ ಆರು ವರುಷ ತುಂಬಿಸುವುದು ಹಳೆಯ ಗುರುಗಳ ಜಾಣತನವಾಗಿತ್ತು. ಆ ತಾರೀಖಿನ ಲೆಕ್ಕದಲ್ಲಿ, ಘಟನೆ ನಡೆದ ದಿನ ಹುಡುಗನಿಗೆ ಹದಿನೆಂಟು ತುಂಬಿ ಹದಿನೈದು ದಿನಗಳಾಗಿದ್ದವು. ಕೈಬರಹವನ್ನು ಮತ್ತೆ ಮತ್ತೆ ನೋಡಿದೆವು. ಬೇರೆ ಯಾರದೋ ಆಗಿದ್ದರೆ ಚೆನ್ನಾಗಿತ್ತು. ಅದು ನಮ್ಮದೇ.

ನೆನಪು ಮರುಕಳಿಸಿತು. ತಂದೆ ತಾಯಿ ಕಬ್ಬು ಕಡಿಯಲು ಹೋಗುವವರು. ಮುಕಾದಮನ ಲೆಕ್ಕದಲ್ಲಿ ಗಂಡಹೆಂಡಿರು ಸೇರಿ ‘ಒಂದು ಕೊಯ್ತಾ’. ಮುಂಗಡವಾಗಿ ಉಚಲ ಪಡೆದು ದೀಪಾವಳಿಯ ಸುಮಾರಿಗೆ ಹೋದರೆ ಯುಗಾದಿಗೆ ಮರಳುವರು. ಮನೆಯಲ್ಲಿ ಅಜ್ಜಿ ಒಬ್ಬಳೆ. ಅಕ್ಕ ತಮ್ಮ ಇಬ್ಬರನ್ನೂ ಒಂದೇ ದಿನ ಕರೆತಂದು, ‘ಇಬ್ಬರನ್ನೂ ಕೂಡೇ ಹಾಕಿಕೊಳ್ರಿ, ಸಣ್ಣವ ಒಬ್ಬನ್ನ ಎಲ್ಲಿ ಬಿಡೂಣು’ ಎಂದು ತಂದೆ ಬೇಡಿಕೊಂಡಿದ್ದ. ಅಕ್ಕನಿಗೆ ಲಸಿಕೆಯ ಚೀಟಿ ಇತ್ತು. ಅದನ್ನು ನೋಡಿ ಜನವರಿಯ ಒಂದು ತಾರೀಖು ಬರೆದಿದ್ದೆವು. ತಮ್ಮನಿಗೆ ಏನೂ ಇರಲಿಲ್ಲ. ಜೂನ್ 1 ಬರೆದೆವು. ಎರಡೂ ಒಂದೇ ವರುಷ! ಐದು ತಿಂಗಳ ಅಂತರದಲ್ಲಿ ಒಬ್ಬ ತಾಯಿಗೆ ಎರಡು ಕೂಸು. ಪುಸ್ತಕದಲ್ಲಿ ಆ ಎರಡು ಸಾಲುಗಳು ಒಂದರ ಕೆಳಗೊಂದಿವೆ. ಅಷ್ಟು ವರುಷ ಅದನ್ನು ಯಾರೂ ಗಮನಿಸಲಿಲ್ಲ; ತಪಾಸಣೆಗೆ ಬಂದವರೂ ಇಲ್ಲ, ನಾವೂ ಇಲ್ಲ. ಪರಿವೀಕ್ಷಣಾಧಿಕಾರಿ ಪಂಚಾಯತಿಯಲ್ಲಿ ಹುಡುಕಿ ತೆಗೆದ ಜನನ ದಾಖಲೆಯಲ್ಲಿ ಹುಡುಗ ಹುಟ್ಟಿದ್ದು ಮರುವರುಷದ ಆಗಸ್ಟ್ ತಿಂಗಳು. ಅಂದರೆ ಶಾಲೆಗೆ ಬಂದಾಗ ಆತ ಐದೂ ತುಂಬದ ಕೂಸು. ಅಕ್ಷರ ಹತ್ತದೆ ಹಿಂದಿನ ಸಾಲಿನಲ್ಲಿ ಕುಳಿತ ಆ ಹುಡುಗನನ್ನು ನಾವು ಏಳು ವರುಷ ‘ದಡ್ಡ’ ಎಂದೆವು. ಆತ ದಡ್ಡನಿರಲಿಲ್ಲ, ಸಣ್ಣವನಿದ್ದ.

ಈ ವಿಷಯ ಹಿರಿಯರ ಮುಂದೆ ಬಂದಾಗ ಎರಡು ಅಭಿಪ್ರಾಯಗಳಾದವು. ಪುಸ್ತಕದಲ್ಲಿ ಇದ್ದದ್ದನ್ನು ನಕಲು ಮಾಡಿ ಕೊಟ್ಟು ಸುಮ್ಮನಿರಬೇಕು, ನೂರು ವರುಷದ ಶಾಲೆಯ ದಾಖಲೆ ಸುಳ್ಳೆಂದು ಮುಖ್ಯಾಧ್ಯಾಪಿಕೆಯೇ ಹೋಗಿ ಹೇಳಿದರೆ ನಾಳೆ ಎಲ್ಲರ ದಾಖಲೆಯ ಮೇಲೂ ಬೆರಳು ತೋರಿಸುತ್ತಾರೆ, ಅದೂ ಗಡಿಭಾಗದ ಕನ್ನಡ ಶಾಲೆ ಎಂದ ಮೇಲೆ ಕಣ್ಣಿಟ್ಟವರು ಮೊದಲೇ ಇದ್ದಾರೆ ಎಂದರು ಕೆಲವರು. ಅವರ ಅಂಜಿಕೆ ಸುಳ್ಳಲ್ಲ. ಶಾಲೆಯ ಮೇಲಿನ ಅವರ ಪ್ರೀತಿಯನ್ನು ನಾವು ಅನುಮಾನಿಸುವುದೂ ಇಲ್ಲ. ಆದರೂ ನಾವು ಹೋದೆವು. ಅಧ್ಯಕ್ಷರು ‘ಹೋಗಿ ಬರ್ರಿ, ಆದದ್ದಾಗಲಿ’ ಎಂದು ಆಗ ಹೇಳಿದ ಮಾತನ್ನು ಇಂದು ಎಲ್ಲರೆದುರು ಸ್ಮರಿಸಬೇಕು.

ಮಂಡಳಿಯ ಕೋಣೆಯಲ್ಲಿ ಒಂದು ಉದ್ದ ಮೇಜು, ಸುತ್ತ ಕುರ್ಚಿಗಳು. ಈ ತಾರೀಖಿಗೆ ಆಧಾರವೇನೆಂದು ದಂಡಾಧಿಕಾರಿಯವರು ಕೇಳಿದರು. ಯಾವ ಕಾಗದದ ಆಧಾರವೂ ಇಲ್ಲ, ಪ್ರವೇಶಕ್ಕೆ ಹೊಂದಲೆಂದು ಬರೆದದ್ದು, ಬರೆದವರು ನಾವೇ ಎಂದೆವು. ಅಕ್ಕನ ಸಾಲನ್ನು ತೋರಿಸಿದೆವು. ಅವರು ಎರಡೂ ಸಾಲುಗಳನ್ನು ಓದಿ, ಕನ್ನಡಕ ತೆಗೆದು, ‘ಇಷ್ಟು ವರುಷದ ಮುಖ್ಯಾಧ್ಯಾಪಕರುಗಳಲ್ಲಿ ಹೀಗೆ ಹೇಳಿದವರು ಕಡಿಮೆ’ ಎಂದರು. ಅದು ಹೊಗಳಿಕೆಯೋ ಬೇಸರವೋ ನಮಗೆ ತಿಳಿಯಲಿಲ್ಲ. ಹುಡುಗ ಪಕ್ಕದ ಬಾಗಿಲಿನ ಬಳಿ ಕುಳಿತಿದ್ದ. ಕೂದಲು ಬಾಚಿದ್ದರು, ಅಂಗಿಯ ಗುಂಡಿ ಕೊರಳ ತನಕ ಹಾಕಿದ್ದರು. ಆತನ ಜೊತೆ ಬಂದ ನೌಕರ ಬೇರೆಯವರು. ನಮ್ಮ ಕಾಳಜಿವಾಹಕ ಆ ದಿನ ಬಂದಿರಲಿಲ್ಲ. ಹುಡುಗ ನಮ್ಮನ್ನು ನೋಡಿ ಎದ್ದು ನಿಂತ. ವರ್ಗದಲ್ಲಿ ಏಳುತ್ತಿದ್ದ ಹಾಗೆಯೇ, ಕೈಕಟ್ಟಿ.

ಮಂಡಳಿ ಪಂಚಾಯತಿಯ ದಾಖಲೆಯನ್ನು ಒಪ್ಪಿತು. ಮುಂದಿನದು ಆ ಹುಡುಗನ ಸ್ವಂತ ಬದುಕು. ತಂದೆ ತಾಯಿಯ ಹೊಣೆಯಲ್ಲಿ, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಮನೆಗೆ ಹೋದನೆಂಬಷ್ಟನ್ನು ಹೇಳಿದರೆ ಸಾಕು. ಈಗ ವಯಸ್ಕನಾಗಿ ದುಡಿಯುತ್ತಿದ್ದಾನೆ. ಈ ಮಾತುಗಳನ್ನು ಹೇಳಬಹುದೇ ಎಂದು ಕೇಳಲು ಹೋದಾಗ ‘ನನ್ನ ಹೆಸರ ಬ್ಯಾಡ್ರಿ, ಆದರ ಜೂನ್ ಒಂದರ ಮಾತು ಹೇಳ್ರಿ’ ಎಂದ. ರಾತ್ರಿ ನೀರು ಕೇಳಿದ ಹುಡುಗನೂ ಈತನೂ ಒಬ್ಬನೇ ಅಥವಾ ಬೇರೆಯೇ ಎಂಬುದನ್ನು ನಾವು ಈತನನ್ನೂ ಕೇಳಿಲ್ಲ, ಕಾಳಜಿವಾಹಕನನ್ನೂ ಕೇಳಿಲ್ಲ. ಕೇಳಿದರೂ ಆ ಕಾಳಜಿವಾಹಕ ಹೇಳುವವನಲ್ಲ. ಆತನ ಹೆಣ್ಣು ನೋಡುವ ಮಾತುಕತೆ ಎರಡು ಸಲ ಮುರಿಯಿತು, ‘ಕಳ್ಳರನ್ನ ಕಾಯೋ ಕೆಲಸ’ ಎಂದು ಬೀಗರು ಹಿಂದೆ ಸರಿದರು. ಆಗಲೂ ಆತ ಒಳಗಿನ ಒಂದು ಮಾತನ್ನೂ ಹೊರಗೆ ತಂದು ತನ್ನ ಕೆಲಸ ದೊಡ್ಡದೆಂದು ತೋರಿಸಲಿಲ್ಲ.

ಕಳೆದ ತಿಂಗಳು ಆತ ಒಂದು ಬೇಡಿಕೆ ಇಟ್ಟ. ಅಲ್ಲಿಯ ಕಪಾಟಿನಲ್ಲಿ ಮರಾಠಿ, ಹಿಂದಿ ಪುಸ್ತಕಗಳಿವೆ; ಆಗಾಗ ಕನ್ನಡದ ಹುಡುಗರು ಬರುತ್ತಾರೆ, ಅವರಿಗೆ ಓದಲು ಏನೂ ಇಲ್ಲ. ನಮ್ಮ ಗ್ರಂಥಾಲಯದಲ್ಲಿ ಎರಡೆರಡು ಪ್ರತಿ ಇದ್ದ ಕಥೆ ಪುಸ್ತಕಗಳನ್ನೂ ಹಳೆಯ ಪಠ್ಯಪುಸ್ತಕಗಳನ್ನೂ ಎರಡು ಗಂಟು ಕಟ್ಟಿದೆವು. ಶಾಲೆಯ ಮುದ್ರೆ ಇರುವ ಪುಟದ ಮೇಲೆ ಬಿಳಿ ಹಾಳೆ ಅಂಟಿಸಿ ಕಳಿಸಿರೆಂದು ಆತ ಹೇಳಿದ. ಶಾಲೆಯ ಹೆಸರು ಮುಚ್ಚುವುದೇ ಎಂದು ನಮ್ಮ ಗ್ರಂಥಪಾಲಕರಿಗೆ ಸ್ವಲ್ಪ ನೋವಾಯಿತು. ‘ನಮ್ಮ ಶಾಲಿ ಹುಡುಗ ಯಾವನಾದರೂ ಬಂದಿದ್ದರ, ಆ ಮುದ್ರಿ ನೋಡಿ ಎಲ್ಲಾರ ಮುಂದ ಅಳಬಾರದಲ್ರಿ’ ಎಂಬ ಆತನ ಕಾರಣ ಕೇಳಿದ ಮೇಲೆ ಅವರೇ ಕುಳಿತು ಎಲ್ಲ ಪುಟಗಳಿಗೂ ಅಂಟು ಹಚ್ಚಿದರು.

ಪಾಲಕರಲ್ಲಿ ಕೊನೆಯದಾಗಿ ಒಂದು ವಿನಂತಿ. ಈಗ ಕಲಿಯುತ್ತಿರುವ ಎಲ್ಲ ಮಕ್ಕಳ ಜನ್ಮದಿನಾಂಕವನ್ನೂ ಮೂಲ ಕಾಗದದೊಡನೆ ತಾಳೆ ನೋಡುವ ಕೆಲಸವನ್ನು ನಾವು ಕೈಗೆತ್ತಿಕೊಂಡಿದ್ದೇವೆ. ಇನ್ನು ಮುಂದೆ ರಿಜಿಸ್ಟರಿನಲ್ಲಿ ತಾರೀಖಿನ ಪಕ್ಕದಲ್ಲಿ ಅದರ ಆಧಾರವನ್ನೂ ಬರೆಯುತ್ತೇವೆ. ಮನೆಯ ಟ್ರಂಕಿನಲ್ಲಿ ಪಂಚಾಯತಿಯ ಚೀಟಿ, ಲಸಿಕೆಯ ಕಾರ್ಡು, ದವಾಖಾನೆಯ ಕಾಗದ ಏನಿದ್ದರೂ ತನ್ನಿರಿ. ಮಗು ಶಾಲೆ ಬಿಟ್ಟ ಮೇಲೆ ಅದನ್ನು ತಿದ್ದಿಸುವುದು ಬಹಳ ಕಠಿಣ. ಕಬ್ಬಿನ ಹಂಗಾಮಿಗೆ ಹೋಗುವವರು ಗಾಡಿ ಹತ್ತುವ ಮೊದಲು ಬಂದು ಹೋಗಿರಿ. ಕಚೇರಿ ಸಂಜೆ ಐದರ ತನಕ ತೆರೆದಿರುತ್ತದೆ; ತಡವಾದರೆ ನಮ್ಮ ಮನೆ ಶಾಲೆಯ ಹಿಂದೆಯೇ ಇದೆ.